ಬಿರುಕಿನಿಂದ ಹುಟ್ಟಿದ ಗಡಿಯಾರ

ಟೋಕಿಯೊದ ಪಶ್ಚಿಮ ಅಂಚಿನಲ್ಲಿ ಹಮುರಾ ಎಂಬ ಊರು. ಅಲ್ಲಿ ಕ್ಯಾಸಿಯೊ ಕಂಪನಿಯ ಸಂಶೋಧನಾ ಕೇಂದ್ರ. 1981ರ ಸುಮಾರಿಗೆ ಆ ಕಟ್ಟಡದ ಮೂರನೆಯ ಮಹಡಿಯ ಶೌಚಾಲಯಕ್ಕೆ ಕಿಕುವೊ ಇಬೆ ಎಂಬ ತರುಣ ಎಂಜಿನಿಯರು ಮತ್ತೆ ಮತ್ತೆ ಹೋಗತೊಡಗಿದ. ಒಳಗೆ ಹೋದವನು ಕಿಟಕಿಯಿಂದ ಏನನ್ನೋ ಕೆಳಕ್ಕೆ ಬಿಡುತ್ತಿದ್ದ. ಆಮೇಲೆ ಮೆಟ್ಟಿಲಿಳಿದು ಅಂಗಳಕ್ಕೆ ಹೋಗಿ ಅದನ್ನು ಹೆಕ್ಕಿಕೊಂಡು ಬರುತ್ತಿದ್ದ. ಬಿಡುತ್ತಿದ್ದದ್ದು ಕೈಗಡಿಯಾರ, ಹೆಕ್ಕಿ ತರುತ್ತಿದ್ದದ್ದು ಅದರ ಚೂರು.

ಈ ವಿಚಿತ್ರ ಓಡಾಟಕ್ಕೆ ಕಾರಣ ಇನ್ನೊಂದು ಗಡಿಯಾರ. ಇಬೆ ಹೈಸ್ಕೂಲು ಸೇರಿದಾಗ ಅವನ ತಂದೆ ಒಂದು ವಾಚು ಕೊಡಿಸಿದ್ದರು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮಗನ ಕೈಗೆ ಅಪ್ಪ ಎಚ್‌ಎಂಟಿ ಕಟ್ಟುತ್ತಿದ್ದ ಕಾಲವೊಂದಿತ್ತಲ್ಲ, ಜಪಾನಿನಲ್ಲೂ ರೂಢಿ ಹೆಚ್ಚುಕಡಿಮೆ ಹಾಗೆಯೇ ಇತ್ತು. ಇಬೆ ಅದನ್ನು ವರ್ಷಗಟ್ಟಲೆ ಜೋಪಾನವಾಗಿ ಕಟ್ಟಿಕೊಂಡ. ಒಂದು ದಿನ ಯಾರೋ ಎದುರಿಗೆ ಬಂದವರು ಢಿಕ್ಕಿ ಹೊಡೆದರು. ವಾಚು ಕೈಯಿಂದ ಕಳಚಿ ನೆಲಕ್ಕೆ ಬಿದ್ದು, ಕಣ್ಣೆದುರೇ ಚೆಲ್ಲಾಪಿಲ್ಲಿಯಾಯಿತು. ಬೇರೆಯವರಾದರೆ ನಿಟ್ಟುಸಿರಿಟ್ಟು ಸುಮ್ಮನಾಗುತ್ತಿದ್ದರು. ಇಬೆಗೆ ದುಃಖಕ್ಕಿಂತ ಅಚ್ಚರಿಯೇ ಹೆಚ್ಚಾಯಿತು. ಗಡಿಯಾರ ಬಿದ್ದರೆ ಒಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ, ನಿಜ. ಆದರೆ ಹಾಗೇ ಇರಬೇಕೆಂದು ಯಾರು ಹೇಳಿದರು?

ಕಂಪನಿಯಲ್ಲಿ ಎಂಜಿನಿಯರುಗಳು ಕಾಲಕಾಲಕ್ಕೆ ಹೊಸ ಯೋಜನೆಗಳನ್ನು ಬರೆದು ಕೊಡಬೇಕಿತ್ತು. ಒಳಗಿನ ರಚನೆ, ಬೇಕಾಗುವ ಕಾಲ, ಪರೀಕ್ಷೆಯ ವಿಧಾನ ಎಲ್ಲವನ್ನೂ ವಿವರಿಸಬೇಕು. ಇಬೆ ಬರೆದದ್ದು ಒಂದೇ ಸಾಲು: ಬಿದ್ದರೂ ಒಡೆಯದ ಗಟ್ಟಿ ಗಡಿಯಾರ ಮಾಡುತ್ತೇನೆ. ಹೇಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಅದು ತೆಳು ವಾಚುಗಳ ಕಾಲ. ಎಷ್ಟು ತೆಳುವೋ ಅಷ್ಟು ಘನತೆ. ಅಂಥ ಹೊತ್ತಿನಲ್ಲಿ ಈ ಒಂದು ಸಾಲಿಗೆ ಒಪ್ಪಿಗೆ ಸಿಕ್ಕಿತೆಂಬುದೇ ಈ ಕತೆಯ ಮೊದಲ ಅದೃಷ್ಟ. ಕೇಂದ್ರದ ಹತ್ತಿರ ರಸ್ತೆ ಅಗೆಯುತ್ತಿದ್ದ ಕೂಲಿಗಳನ್ನು ಇಬೆ ಗಮನಿಸಿದ್ದ. ಕೊರೆಯುವ ಯಂತ್ರದ ಅದುರಿಗೆ ಯಾವ ವಾಚೂ ಉಳಿಯುತ್ತಿರಲಿಲ್ಲವಾದ್ದರಿಂದ ಅವರ ಕೈಗಳೆಲ್ಲ ಬರಿದಾಗಿದ್ದವು. ಅವರಿಗೆ ಒಂದು ಗಡಿಯಾರ ಬೇಕು ಎಂದು ಅವನಿಗೆ ಅನ್ನಿಸಿತ್ತು.

ಗುರಿಯನ್ನು ಮೂರು ಹತ್ತುಗಳಲ್ಲಿ ಹೇಳುತ್ತಿದ್ದರು. 10 ಮೀಟರ್ ಎತ್ತರದಿಂದ ಬಿದ್ದರೂ ಒಡೆಯಬಾರದು, 10 ಬಾರ್ ನೀರಿನ ಒತ್ತಡ ತಾಳಬೇಕು, ಬ್ಯಾಟರಿ 10 ವರ್ಷ ಬರಬೇಕು. ಮೊದಲಿಗೆ ಇಬೆಗೆ ಕೆಲಸ ಸುಲಭವೆನ್ನಿಸಿತು. ವಾಚಿಗೆ ರಬ್ಬರು ಸುತ್ತಿದ, ಕಿಟಕಿಯಿಂದ ಬಿಟ್ಟ, ಒಡೆಯಿತು. ಇನ್ನಷ್ಟು ಸುತ್ತಿದ, ಮತ್ತೆ ಒಡೆಯಿತು. ಕೊನೆಗೆ ಒಡೆಯದೆ ಉಳಿದದ್ದು ಸಾಫ್ಟ್‌ಬಾಲಿನಷ್ಟು ದಪ್ಪದ ಉಂಡೆ. ಅದನ್ನು ಕೈಗೆ ಕಟ್ಟಿಕೊಳ್ಳುವವರು ಯಾರು?

ಆಮೇಲೆ ರಬ್ಬರನ್ನು ಬಿಟ್ಟು ಪದರಗಳನ್ನು ಹಿಡಿದ. ಹೊರಗಿನಿಂದ ಒಳಗಿನ ತನಕ ಒಂದರೊಳಗೊಂದು ಐದು ಹಂತ, ಪ್ರತಿ ಹಂತವೂ ಪೆಟ್ಟಿನ ಒಂದಿಷ್ಟು ಪಾಲನ್ನು ನುಂಗಬೇಕು. ಗಾತ್ರ ಇಳಿಯಿತು. ಆದರೆ ಈಗ ಶುರುವಾದದ್ದು ನಿಜವಾದ ಕಾಟ. ಎಲ್ಲ ಭಾಗಗಳೂ ಉಳಿದು ಒಂದೇ ಒಂದು ಒಡೆಯುತ್ತಿತ್ತು. ಅಂಕಿ ತೋರಿಸುವ ಗಾಜು ಒಡೆಯಿತೆಂದು ಅದನ್ನು ಬಲಪಡಿಸಿದರೆ ಮುಂದಿನ ಸಲ ಸುರುಳಿತಂತಿ ಕಿತ್ತುಬರುತ್ತಿತ್ತು. ಸುರುಳಿಯನ್ನು ಬಿಗಿ ಮಾಡಿದರೆ ಸ್ಫಟಿಕ ಮುರಿಯುತ್ತಿತ್ತು. ಯಾವುದನ್ನು ಗಟ್ಟಿ ಮಾಡಿದರೂ ಪೆಟ್ಟು ಅದರ ಪಕ್ಕದವನನ್ನು ಹುಡುಕಿಕೊಂಡು ಹೋಗುತ್ತಿತ್ತು. ಮಾದರಿಗಳ ಸಂಖ್ಯೆ 200 ದಾಟಿತು, ಉತ್ತರ ಸಿಗಲಿಲ್ಲ.

ಕೊನೆಗೆ ಇಬೆ ತನಗೆ ತಾನೇ ಒಂದು ವಾರದ ಗಡುವು ಹಾಕಿಕೊಂಡ. ಅಷ್ಟರೊಳಗೆ ಆಗದಿದ್ದರೆ ಸೋಲೊಪ್ಪಿ ಕೆಲಸ ಬಿಡುವುದು. ಕನಸಿನಲ್ಲಾದರೂ ಉತ್ತರ ಬಂದೀತೆಂದು ಕಾದ. ಬರಲಿಲ್ಲ. ಗಡುವಿನ ಕೊನೆಯ ದಿನ ಭಾನುವಾರ. ಮಧ್ಯಾಹ್ನ ಊಟ ಮುಗಿಸಿ ಕೇಂದ್ರದ ಹತ್ತಿರದ ಪಾರ್ಕಿನ ಬೆಂಚಿನ ಮೇಲೆ ಕೂತ. ಎದುರಿಗೆ ಒಬ್ಬ ಪುಟ್ಟ ಹುಡುಗಿ ಚೆಂಡನ್ನು ನೆಲಕ್ಕೆ ಪುಟಿಸುತ್ತ ಆಡುತ್ತಿದ್ದಳು. ಇಬೆ ಸುಮ್ಮನೆ ನೋಡುತ್ತಿದ್ದ. ಹಾಗೆ ನೋಡುತ್ತಿದ್ದಂತೆ ಆ ಚೆಂಡಿನೊಳಗೆ ತನ್ನ ಗಡಿಯಾರದ ಯಂತ್ರ ತೇಲುತ್ತಿರುವುದು ಕಂಡಿತು. ಚೆಂಡಿನ ಸಿಪ್ಪೆಗೆ ಎಷ್ಟು ಪೆಟ್ಟು ಬಿದ್ದರೂ ನಡುವೆ ತೇಲುವ ವಸ್ತುವಿಗೆ ಅದು ತಾಗುವುದಿಲ್ಲ. ಅಷ್ಟು ದಿನ ಅವನು ಪೆಟ್ಟನ್ನು ತಡೆಯಲು ಹೆಣಗಿದ್ದ. ಬೇಕಾಗಿದ್ದದ್ದು ಪೆಟ್ಟು ಒಳಗೆ ಬರುವ ದಾರಿಯನ್ನೇ ಕಡಿದು ಹಾಕುವುದು.

1983ರ ಏಪ್ರಿಲ್‌ನಲ್ಲಿ ಡಿಡಬ್ಲ್ಯೂ-5000ಸಿ ಮಾರುಕಟ್ಟೆಗೆ ಬಂತು, ಹೆಸರು ಜಿ-ಶಾಕ್. ಜಪಾನಿಗೆ ಅದು ಹಿಡಿಸಲಿಲ್ಲ. ದಪ್ಪ, ಕಪ್ಪು, ಒರಟು. ಅಮೆರಿಕದಲ್ಲಿ ಒಂದು ಜಾಹೀರಾತು ಬಂತು: ಐಸ್ ಹಾಕಿ ಆಟಗಾರ ಚೆಂಡುಬಿಲ್ಲೆಯ ಬದಲು ಈ ವಾಚನ್ನು ಕೋಲಿನಿಂದ ಬಾರಿಸುತ್ತಾನೆ, ಅದು ಹೋಗಿ ಗೋಲ್‌ಕೀಪರನ ಕೈಗವಸಿಗೆ ಬೀಳುತ್ತದೆ, ಇನ್ನೂ ಓಡುತ್ತಿರುತ್ತದೆ. ಇದು ಶುದ್ಧ ಸುಳ್ಳೆಂದು ಜನ ದೂರಿದರು. ಒಂದು ಟಿವಿ ಕಾರ್ಯಕ್ರಮದವರು ಸುಳ್ಳನ್ನು ಬಯಲು ಮಾಡಲು ಹೊರಟು ತಾವೇ ಹಾಕಿ ಆಡಿಸಿದರು, ಲಾರಿ ಹತ್ತಿಸಿದರು. ಗಡಿಯಾರ ಓಡುತ್ತಲೇ ಇತ್ತು. ಅಲ್ಲಿಂದ ಅಗ್ನಿಶಾಮಕರು, ಪೊಲೀಸರು, ಸೈನಿಕರು ಅದನ್ನು ಕಟ್ಟಿಕೊಳ್ಳತೊಡಗಿದರು. ದೂರಿದವರು ಇಲ್ಲದಿದ್ದರೆ ಆ ಮಾದರಿ ಬಹುಶಃ ಗೋದಾಮಿನಲ್ಲೇ ಕೊಳೆಯುತ್ತಿತ್ತು.

ಇತ್ತ ನಮ್ಮ ಭಟ್ಕಳ, ಹೊನ್ನಾವರ, ಕುಮಟಾಗಳ ಕರಾವಳಿಗೆ ಕ್ಯಾಸಿಯೊ ಬಂದದ್ದು ಜಪಾನಿನಿಂದ ನೇರವಾಗಿ ಅಲ್ಲ, ಅರಬ್ಬೀ ಸಮುದ್ರದ ಆಚೆ ದಡ ಸುತ್ತಿ. ಕೊಲ್ಲಿಯಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಅತ್ತರು, ಟಾರ್ಚು, ಟೇಪ್‌ರೆಕಾರ್ಡರಿನ ಜೊತೆ ಅಂಕಿಯ ವಾಚೂ ಇರುತ್ತಿತ್ತು. ಭಟ್ಕಳದ ಪೇಟೆಯಲ್ಲಿ ಫಾರಿನ್ ಸಾಮಾನಿನ ಅಂಗಡಿಗಳು ಬೆಳೆದದ್ದು ಹಾಗೆಯೇ. ಆದರೆ ಈ ಸೀಮೆಯಲ್ಲಿ ವಾಚಿಗೆ ವೈರಿ ಮೂರನೆಯ ಮಹಡಿಯಾಗಿರಲಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಉಪ್ಪುಗಾಳಿ, ಬೆವರು ಅದರ ವೈರಿಗಳು. ಕಾಸರಕೋಡು ಟೊಂಕದ ಬಂದರಿನಲ್ಲಿ ಬಲೆ ಎಳೆಯುವವರ, ಅಘನಾಶಿನಿಯ ಅಳಿವೆಯಲ್ಲಿ ಸೊಂಟದ ತನಕ ಮುಳುಗಿ ಬಳಚು ಹೆಕ್ಕುವವರ ಕೈಯಲ್ಲಿ ವಾಚು ಉಳಿಯಬೇಕಾದರೆ ಅದರ ಬೆನ್ನು ಭದ್ರವಾಗಿ ಮುಚ್ಚಿರಬೇಕು. ಸೆಲ್ಲು ಮುಗಿದಾಗ ಆ ಬೆನ್ನನ್ನೇ ತೆರೆಯಬೇಕಾಗುತ್ತಿತ್ತು. ರಿಪೇರಿಯವನು ಎಷ್ಟೇ ನುರಿತವನಾಗಿದ್ದರೂ ಒಳಗಿನ ರಬ್ಬರ್ ರಿಂಗು ಕೂದಲೆಳೆಯಷ್ಟು ಸರಿದು ಕೂತರೆ ಮುಂದಿನ ಆಷಾಢದಲ್ಲಿ ಗಾಜಿನ ಒಳಮೈಗೆ ಮಂಜು ಕಟ್ಟುತ್ತಿತ್ತು. ಎಸೆದರೂ ಒಡೆಯದ ಗಡಿಯಾರ ಸೆಲ್ಲು ಬದಲಿಸಿದ ತಪ್ಪಿಗೆ ಸಾಯುತ್ತಿತ್ತು.

ತೆರೆಯಬೇಕಾಗಿಯೇ ಇಲ್ಲದ ಗಡಿಯಾರಕ್ಕೆ ಬೇಕಾದ ತುಣುಕು ಇಬೆ ಹುಟ್ಟುವ ಮೊದಲೇ, ಅದೂ ಒಡೆದ ವಸ್ತುವೊಂದರಲ್ಲೇ, ಸಿಕ್ಕಿತ್ತು.

ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಲ್ ಪ್ರಯೋಗಾಲಯದ ರಸೆಲ್ ಓಲ್ ಎಂಬವನು ರೇಡಿಯೊದ ಕಿರು ಅಲೆಗಳನ್ನು ಹಿಡಿಯಲು ಸಿಲಿಕಾನ್ ಒಳ್ಳೆಯದೆಂದು ಹಟ ಹಿಡಿದು ಕೂತಿದ್ದ. ಕಾಯಿಸಿ ಕರಗಿಸಿ ಆರಿಸಿದ ಸಿಲಿಕಾನ್ ಗಟ್ಟಿಯಿಂದ ಕೊಯ್ದ ಒಂದು ಸಣ್ಣ ಸರಳಿನ ನಡುವೆ ಬಿರುಕು ಬಿಟ್ಟಿತ್ತು. ಅದರ ಅಳತೆಗಳು ಒಂದು ದಿನದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಬಿಸಾಡಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ. ಓಲ್ ಬಿಸಾಡಲಿಲ್ಲ. 1940ರ ಫೆಬ್ರುವರಿ 23ರಂದು ಮೇಜಿನ ದೀಪದ ಬೆಳಕು ಅದರ ಮೇಲೆ ಬಿದ್ದಾಗ ಮೀಟರಿನ ಮುಳ್ಳು ಜಿಗಿದದ್ದನ್ನು ಅವನು ಕಂಡ. ನಡುವೆ ಫ್ಯಾನಿನ ರೆಕ್ಕೆ ತಿರುಗಿ ಬೆಳಕನ್ನು ಕತ್ತರಿಸಿದರೆ ವಿದ್ಯುತ್ತೂ ಅದೇ ಲಯದಲ್ಲಿ ಏರಿಳಿಯುತ್ತಿತ್ತು. ಮಾರ್ಚ್ ಮೊದಲ ವಾರದಲ್ಲಿ ಅದನ್ನು ಹಿರಿಯರ ಮುಂದಿಟ್ಟು ಟಾರ್ಚು ಹಾಯಿಸಿದಾಗ ಹತ್ತಿರ ಹತ್ತಿರ ಅರ್ಧ ವೋಲ್ಟ್ ಹುಟ್ಟಿತು. ಮುಂದೆ ಟ್ರಾನ್ಸಿಸ್ಟರಿಗಾಗಿ ನೊಬೆಲ್ ಪಡೆದ ವಾಲ್ಟರ್ ಬ್ರಾಟನ್ ಅಲ್ಲಿದ್ದ. ಓಲ್ ತಮಾಷೆ ಮಾಡುತ್ತಿದ್ದಾನೆಂದೇ ಅವನು ಮೊದಲು ತಿಳಿದ. ಕಣ್ಣಿಗೆ ಕಾಣುತ್ತಿದ್ದದ್ದು ಬಿರುಕು. ಕಾಣದೆ ಅಡಗಿದ್ದದ್ದು ಸಿಲಿಕಾನ್ ಆರುವಾಗ ಅದರ ಕಲ್ಮಶಗಳು ಎರಡು ಪಾಲಾಗಿ ಹಂಚಿಹೋಗಿ ಉಂಟಾದ ಒಂದು ಗಡಿ. ಬೆಳಕು ವಿದ್ಯುತ್ತಾಗುತ್ತಿದ್ದದ್ದು ಆ ಗಡಿಯಲ್ಲಿ.

ಅದೇ ಬೆಲ್ ಪ್ರಯೋಗಾಲಯದಲ್ಲಿ 1950ರ ದಶಕದಲ್ಲಿ ಡ್ಯಾರಿಲ್ ಚಾಪಿನ್ ಎಂಬವನಿಗೆ ಒಂದು ಕೆಲಸ ಬಂತು. ಸೆಕೆಯ, ತೇವದ ಪ್ರದೇಶಗಳಲ್ಲಿ ಟೆಲಿಫೋನಿನ ಒಣ ಬ್ಯಾಟರಿಗಳು ಬೇಗನೆ ಕೆಡುತ್ತಿದ್ದವು. ಅವಕ್ಕೆ ಬದಲು ಹುಡುಕಬೇಕಿತ್ತು. ಕೆಲಸಕ್ಕೆ ಬರುವ ಸೌರಕೋಶದ ಹುಡುಕಾಟಕ್ಕೆ ಕಾರಣವಾದದ್ದು ಹೊನ್ನಾವರದವರಿಗೆ ಚೆನ್ನಾಗಿ ಪರಿಚಯವಿರುವಂಥ ಹವೆ ಎಂಬುದು ಖುಷಿ ಕೊಡುವ ಸಂಗತಿ. ಚಾಪಿನ್ ಸೆಲೆನಿಯಮ್ ಹಿಡಿದು ಒದ್ದಾಡಿದ, ಬಿಸಿಲಿನ ಶೇ. 1ರಷ್ಟೂ ದಕ್ಕಲಿಲ್ಲ. ಗೆಳೆಯ ಜೆರಾಲ್ಡ್ ಪಿಯರ್ಸನ್ ಅದನ್ನು ಬಿಟ್ಟು ಸಿಲಿಕಾನ್ ಹಿಡಿಯಲು ಹೇಳಿದ. ರಸಾಯನ ಬಲ್ಲ ಕ್ಯಾಲ್ವಿನ್ ಫುಲ್ಲರ್ ಕಲ್ಮಶವನ್ನು ಬೇಕಾದಷ್ಟೇ ಆಳಕ್ಕೆ ಇಳಿಸುವ ಬಗೆ ಕಂಡುಕೊಂಡ. ಓಲ್‌ಗೆ ಆಕಸ್ಮಿಕವಾಗಿ ಒದಗಿದ ಗಡಿಯನ್ನು ಈ ಮೂವರು ಬೇಕೆಂದೇ ಕಟ್ಟಿದರು. ಶೇ. 6ರಷ್ಟು ಬಿಸಿಲು ವಿದ್ಯುತ್ತಾಯಿತು. 1954ರ ಏಪ್ರಿಲ್ 25ರಂದು ಆಟದ ಪುಟ್ಟ ತಿರುಗುಚಕ್ರವೊಂದನ್ನು ಬೆಳಕಿನಿಂದಲೇ ತಿರುಗಿಸಿ ಜನರಿಗೆ ತೋರಿಸಿದರು.

ಈ ಸೌರಕೋಶವನ್ನು ಮಣಿಕಟ್ಟಿಗೆ ತಂದ ಮೊದಲಿಗರಲ್ಲಿ ಒಬ್ಬ ರೋಜರ್ ರೀಲ್ ಎಂಬ ಅಮೆರಿಕದವನು. ಅವನ ಸಿಂಕ್ರೋನಾರ್ ಎಪ್ಪತ್ತರ ದಶಕದ ಆರಂಭದಲ್ಲಿ ಬಂತು. 1976ರಲ್ಲಿ ಜಪಾನಿನ ಸಿಟಿಜನ್ ಮುಳ್ಳಿನ ಗಡಿಯಾರಕ್ಕೂ ಸೌರಕೋಶ ಕೂಡಿಸಿತು. ಬೆಂಗಳೂರಿನಲ್ಲಿ 1961ರಲ್ಲಿ ಎಚ್‌ಎಂಟಿಗೆ ವಾಚು ಕಟ್ಟಲು ಕಲಿಸಿದ ಸಿಟಿಜನ್ನೇ ಇದು. ಆದರೆ ಹರಳಿನಂಥ ಸಿಲಿಕಾನ್‌ಗೆ ಬಿಸಿಲೇ ಬೇಕು, ಬೆಲೆಯೂ ಜಾಸ್ತಿ. ಬಿಕ್ಕಟ್ಟು ಬಿಡಿಸಿದ್ದು ಹರಳಿನ ಶಿಸ್ತೇ ಇಲ್ಲದ, ಗಾಜಿನ ಮೇಲೆ ತೆಳ್ಳಗೆ ಬಳಿಯಬಹುದಾದ ಇನ್ನೊಂದು ಬಗೆಯ ಸಿಲಿಕಾನ್. ಡೇವಿಡ್ ಕಾರ್ಲ್ಸನ್ ಎಂಬವನು ಅದರಿಂದ ಸೌರಕೋಶ ಮಾಡಿದ ವರದಿ 1976ರಲ್ಲಿ ಪ್ರಕಟವಾಯಿತು. 1980ರಲ್ಲಿ ಸ್ಯಾನ್ಯೊ ಕಂಪನಿ ಅದನ್ನು ಕ್ಯಾಲ್ಕುಲೇಟರಿಗೆ ಅಂಟಿಸಿತು. ಕುಮಟಾದ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿನ ಕ್ಯಾಲ್ಕುಲೇಟರಿನ ನೆತ್ತಿಯಲ್ಲಿ ಕಡುಗಂದು ಪಟ್ಟಿಯಿತ್ತಲ್ಲ, ಬೆರಳು ಮುಚ್ಚಿದರೆ ಅಂಕಿ ಮಾಯವಾಗುತ್ತಿತ್ತಲ್ಲ, ಅದೇ ಇದು. ಟ್ಯೂಬ್‌ಲೈಟಿನ ಬೆಳಕೂ ಅದಕ್ಕೆ ಸಾಕಾಗುತ್ತಿತ್ತು.

ಒಡೆಯದ ಗಡಿಯಾರಕ್ಕೂ ಬೆಳಕಿನ ಕೋಶಕ್ಕೂ ಮದುವೆಯಾದದ್ದು 1998ರಲ್ಲಿ, ರೇಸ್‌ಮನ್ ಎಂಬ ಜಿ-ಶಾಕ್ ಮಾದರಿಯಲ್ಲಿ. ಓಲ್ ಕಂಡ ಬಿರುಕಿಗೂ ಇದಕ್ಕೂ ನಡುವೆ 58 ವರ್ಷ.

ಇಷ್ಟು ಪಾಡುಪಟ್ಟು ದಕ್ಕಿದ ಗುಟ್ಟು ಕೇಳಿದರೆ ತೀರ ಸರಳ. ಗಡಿಯಾರದ ಯಂತ್ರ ಹೊರಕವಚಕ್ಕೆ ಮೈಯೊತ್ತಿ ಕೂತಿಲ್ಲ. ಕೆಲವೇ ಬಿಂದುಗಳಲ್ಲಿ ಮೆದುವಾಗಿ ಆತು ನಿಂತಿದೆ. ಹೊರಗೆ ಬಿದ್ದ ಪೆಟ್ಟಿನ ಬಹುಪಾಲು ಯೂರಿಥೇನ್ ಹೊದಿಕೆಯಲ್ಲೇ ಕರಗಿ, ಉಳಿದದ್ದಕ್ಕೆ ಒಳಗೆ ಹಾಯಲು ಸೇತುವೆಯೇ ಸಿಗುವುದಿಲ್ಲ. ಮುಖದ ಸುತ್ತಲಿನ ಕಪ್ಪು ಪಟ್ಟಿಗೆ ಬಿದ್ದ ಬೆಳಕು ಸಿಲಿಕಾನಿನ ಇಲೆಕ್ಟ್ರಾನುಗಳನ್ನು ಎಬ್ಬಿಸುತ್ತದೆ. ಕೋಶದೊಳಗಿನ ವಿದ್ಯುತ್ ಕ್ಷೇತ್ರ ಅವುಗಳನ್ನು ಒಂದೇ ದಿಕ್ಕಿಗೆ ತಳ್ಳಿ ಪುಟ್ಟ ಬ್ಯಾಟರಿಯನ್ನು ತುಂಬುತ್ತದೆ. ದ್ರವಸ್ಫಟಿಕದ ಅಂಕಿಗಳಿಗೆ ಬೇಕಾದದ್ದು ತೀರ ಅಲ್ಪ ವಿದ್ಯುತ್ತು. ರಾತ್ರಿ ಕತ್ತಲಲ್ಲಿ ತೆಗೆದಿಟ್ಟರೆ ಗಡಿಯಾರ ಅಂಕಿಗಳನ್ನು ತಾನೇ ಆರಿಸಿ ಒಳಗೆ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತದೆ. ಹಾಗಾಗಿ ಬಿಸಿಲೇ ಕಾಣದ ಆಷಾಢದ ದಿನಗಳಲ್ಲೂ ಮೋಡದ ಮಂಕು ಬೆಳಕು ಸಾಲುತ್ತದೆ, ಬೆನ್ನು ತೆರೆಯುವ ಪ್ರಸಂಗ ವರ್ಷಗಟ್ಟಲೆ ಬರುವುದಿಲ್ಲ. ಕರಾವಳಿಯ ಬೆವರಿಗೂ ತೇವಕ್ಕೂ ಇದರಲ್ಲಿ ಮೊದಲು ಸೋಲುವುದು ಆ ಯೂರಿಥೇನ್ ಹೊದಿಕೆಯೇ. ಕೆಲವು ವರ್ಷ ಕಳೆದ ಮೇಲೆ ಪೆಡಸಾಗಿ ಉದುರತೊಡಗುತ್ತದೆ. ಆಗ ಬೆಲ್ಟನ್ನೂ ಹೊದಿಕೆಯನ್ನೂ ಹೊಸದು ಹಾಕಿಸಿಕೊಂಡರಾಯಿತು.