ಒಂದೇ ದೇಹ, ಬೇರೆ ಬೇರೆ ಅಳತೆ: ಶರತ್ ಗಾಯಕ್ವಾಡ್

ದಹಿಸರ್‌ನಿಂದ ಮಾತಾಡ್ತಿದ್ದೀನಿ. ಅಪ್ರೈಸಲ್ ಮುಗೀತು. ವರ್ಷದ ಕೆಲಸವನ್ನೆಲ್ಲ ಒಂದೇ ನಂಬರಿಗೆ ಇಳಿಸಿ ಕೈಗೆ ಕೊಟ್ಟರು. ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಗ ನೆನಪಾದವರು ನಮ್ಮ ಬೆಂಗಳೂರಿನ ಈಜುಗಾರ ಶರತ್ ಗಾಯಕ್ವಾಡ್.

1991ರಲ್ಲಿ ಹುಟ್ಟಿದ ಶರತ್‌ಗೆ ಎಡಗೈ ಹುಟ್ಟಿನಿಂದಲೇ ಪೂರ್ತಿ ಬೆಳೆದಿಲ್ಲ. ಪ್ಯಾರಾ ಈಜಿನಲ್ಲಿ ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈ ಮೂರಕ್ಕೂ ‘ಎಸ್’ ವರ್ಗ. ಬ್ರೆಸ್ಟ್‌ಸ್ಟ್ರೋಕ್‌ಗೆ ಮಾತ್ರ ಪ್ರತ್ಯೇಕ ‘ಎಸ್‌ಬಿ’ ವರ್ಗ. ಯಾಕೆ ಗೊತ್ತಾ? ಫ್ರೀಸ್ಟೈಲ್‌ನಲ್ಲಿ ಮುಂದೆ ಎಳೆಯೋದು ಹೆಚ್ಚಾಗಿ ಕೈ. ಬ್ರೆಸ್ಟ್‌ಸ್ಟ್ರೋಕ್ ಅಂದ್ರೆ ಕಪ್ಪೆ ಥರ ಕಾಲು ಮಡಚಿ ಒದೆಯೋ ಈಜು. ಅಲ್ಲಿ ಕಾಲಿನ ಪಾಲು ದೊಡ್ಡದು. ಹಾಗಾಗಿ ಅದೇ ದೇಹವನ್ನು ಆ ಈಜಿಗೆ ಬೇರೆಯಾಗಿ ಅಳೀತಾರೆ. ಇದು ಕನಿಕರ ಅಲ್ಲ, ಸರಿಯಾದ ಲೆಕ್ಕ.

2010ರ ಗುವಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲೇ ಶರತ್‌ಗೆ ಕಂಚು ಸಿಕ್ತು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕ ಬರಲಿಲ್ಲ. ಅಲ್ಲಿಗೆ ನಿಲ್ಲಲಿಲ್ಲ ಅವರು. 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕೂಟದಲ್ಲಿ 1 ಬೆಳ್ಳಿ, 5 ಕಂಚು, ಒಟ್ಟು 6 ಪದಕ! 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಟಿ. ಉಷಾ ಗೆದ್ದದ್ದು 5. ಶರತ್‌ಗೆ ಅರ್ಜುನ ಪ್ರಶಸ್ತಿಯೂ ಬಂತು.

ನನ್ನ ನಂಬರ್ ಬದಲಾಗಲ್ಲ, ಅದು ಗೊತ್ತು. ಆದರೆ ಸೋಮವಾರ ಮ್ಯಾನೇಜರ್ ಎದುರು ಕೂತಾಗ ಒಂದು ಪ್ರಶ್ನೆ ಕೇಳ್ತೀನಿ: ನೀವು ಅಳೆದದ್ದು ನನ್ನ ಯಾವ ಕೆಲಸವನ್ನ, ಯಾವ ಅಳತೆಯಲ್ಲಿ? ನೀವೂ ಕೇಳಿ. ಮತ್ತೆ ಸಿಗೋಣ.