‘ಬಿಎಂಎಸ್ ಇದೆ, ಇನ್ನೇನು ಚಿಂತೆ?’ ಎನ್ನುವ ಮುನ್ನ

ಮಳೆಗಾಲ ಹಿಡಿಯಿತೆಂದರೆ ಸಂಸೆ, ಕಳಸ, ಕುದುರೆಮುಖದ ಕಡೆ ಕರೆಂಟನ್ನು ನಂಬಿ ಕೂರುವಂತಿಲ್ಲ. ಗಾಳಿಗೆ ತೋಟದ ಸಿಲ್ವರ್ ಓಕ್ ಮರವೊಂದು ಲೈನಿನ ಮೇಲೆ ಉರುಳಿದರೆ, ಆ ಜಾಗ ಹುಡುಕಿ, ಮರ ಕಡಿದು, ತಂತಿ ಎಳೆದು ಮುಗಿಸಲು ಮೆಸ್ಕಾಂ ಲೈನ್‌ಮನ್‌ಗಳಿಗೆ ಕೆಲವೊಮ್ಮೆ ದಿನಗಳೇ ಬೇಕು. ಹಾಗಾಗಿ ಕಾಫಿ ತೋಟದ ಮನೆಗಳಿಗೂ, ಕುದುರೆಮುಖ ಚಾರಣಿಗರು ತಂಗುವ ಹೋಂಸ್ಟೇಗಳಿಗೂ ಇನ್ವರ್ಟರ್ ಅನಿವಾರ್ಯ. ನೀರು ಕುಡಿಯುವ ಟ್ಯೂಬುಲರ್ ಬ್ಯಾಟರಿಯ ಜಾಗಕ್ಕೆ ಈಗ ಲಿಥಿಯಂ ಬಂದು ಕೂರುತ್ತಿದೆ. ಮನೆಬಳಕೆಗೆ ಬರುವುದು ಹೆಚ್ಚಾಗಿ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ಇದನ್ನು ಬ್ಯಾಟರಿಗೆ ಬಳಸಬಹುದೆಂದು 1997ರ ಪ್ರಬಂಧದಲ್ಲಿ ತೋರಿಸಿದವರು ಟೆಕ್ಸಾಸ್ ವಿಶ್ವವಿದ್ಯಾಲಯದ ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂತು.

ಈ ಬ್ಯಾಟರಿಯೊಳಗೆ ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್ ಇರುತ್ತದೆ: ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ, ಬಿಎಂಎಸ್. ಅದರ ಬಗ್ಗೆ ಬೆಳೆದಿರುವ ನಂಬಿಕೆಗಳಲ್ಲಿ ಕೆಲವು ದುಡ್ಡು ಕಳೆಯುತ್ತವೆ, ಕೆಲವು ಮನೆಗೇ ಅಪಾಯ ತರುತ್ತವೆ.

ತಪ್ಪು ಕಲ್ಪನೆ 1: ಬಿಎಂಎಸ್ ಇರುವಾಗ ಹಳೆಯ ಇನ್ವರ್ಟರಿಗೆ ಹಾಗೇ ಜೋಡಿಸಬಹುದು.

ಸತ್ಯ: ಬಿಎಂಎಸ್ ಚಾರ್ಜರ್ ಅಲ್ಲ. ಉಳಿದೆಲ್ಲ ವ್ಯವಸ್ಥೆ ಸೋತಾಗ ಸಂಪರ್ಕ ಕಡಿಯುವ ಕೊನೆಯ ಕಾವಲುಗಾರ ಅದು. 12 ವೋಲ್ಟಿನ ಎಲ್‌ಎಫ್‌ಪಿ ಬ್ಯಾಟರಿಯಲ್ಲಿ 3.2 ವೋಲ್ಟಿನ ನಾಲ್ಕು ಸೆಲ್‌ಗಳು ಸಾಲಾಗಿರುತ್ತವೆ. ಒಂದೊಂದರ ಮೇಲ್ಮಿತಿ 3.65 ವೋಲ್ಟ್, ಒಟ್ಟು 14.6. ಟ್ಯೂಬುಲರ್ ಸೆಟ್ಟಿಂಗ್‌ನಲ್ಲಿರುವ ಕೆಲವು ಇನ್ವರ್ಟರ್‌ಗಳು ಸೆಲ್‌ಗಳನ್ನು ಸಮಗೊಳಿಸುವ ಈಕ್ವಲೈಸೇಷನ್ ಹೆಸರಿನಲ್ಲಿ 15 ವೋಲ್ಟ್ ದಾಟಿ ಒತ್ತುತ್ತವೆ. ಇಳಿಯುವಾಗ 10.5ರ ಸುತ್ತ ನಿಲ್ಲುತ್ತವೆ. ಆಗ ದಿನವೂ ಮೇಲೆ ಕೆಳಗೆ ಎರಡೂ ಕಡೆ ಬಿಎಂಎಸ್ ತಾನೇ ಕಡಿಯಬೇಕಾಗುತ್ತದೆ.

ಚಾರ್ಜ್ 14.2, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.5, ಈಕ್ವಲೈಸೇಷನ್ ಬಂದ್, ಇನ್ವರ್ಟರಿನ ಲೋ ಕಟ್ 12 ವೋಲ್ಟ್: ಮನೆಗೆ ಇದು ಹಿತವಾದ ಸೆಟ್ಟಿಂಗ್. ಇಷ್ಟನ್ನು ಬದಲಿಸಲು ಬಾರದ ಇನ್ವರ್ಟರಿಗೆ ಲಿಥಿಯಂ ಜೋಡಿಸಬಾರದು.

ತಪ್ಪು ಕಲ್ಪನೆ 2: ಸೆಲ್‌ಗಳ ಏರುಪೇರನ್ನು ಬಿಎಂಎಸ್ ತಾನಾಗಿ ಸರಿಮಾಡಿಕೊಳ್ಳುತ್ತದೆ.

ಸತ್ಯ: ಮಾಡುತ್ತದೆ, ಆದರೆ ಬಹಳ ನಿಧಾನವಾಗಿ, ಅದೂ ಬ್ಯಾಟರಿ ತುಂಬುವ ಹೊತ್ತಿನಲ್ಲಿ ಮಾತ್ರ. ಸಾಮಾನ್ಯ ಬಿಎಂಎಸ್ ಸೆಲ್ 3.4 ವೋಲ್ಟ್ ದಾಟಿದ ಮೇಲಷ್ಟೇ ಹೆಚ್ಚಿನದನ್ನು ಸಣ್ಣ ರೆಸಿಸ್ಟರಿನಲ್ಲಿ ಸುಟ್ಟು ಸಮಗೊಳಿಸುತ್ತದೆ. ಆ ಕರೆಂಟು 50 ಮಿಲಿಆಂಪ್ ಎಂದುಕೊಳ್ಳಿ. 100 ಆಂಪ್-ಅವರ್‌ನ ಬ್ಯಾಟರಿಯಲ್ಲಿ ಒಂದು ಸೆಲ್ ಉಳಿದವಕ್ಕಿಂತ ಶೇ 5ರಷ್ಟು ಮುಂದಿದ್ದರೆ ಸುಡಬೇಕಾದದ್ದು 5 ಆಂಪ್-ಅವರ್. ಅದಕ್ಕೆ 100 ಗಂಟೆ ಬೇಕು.

ನಮ್ಮ ಮಲೆನಾಡಿನ ತೊಂದರೆ ಇರುವುದೇ ಇಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಸೋಲಾರ್ ಪ್ಯಾನೆಲ್‌ಗೆ ಬಿಸಿಲು ಕಾಣುವುದೇ ಅಪರೂಪ, ಬಂದ ಕರೆಂಟು ಬ್ಯಾಟರಿ ತುಂಬುವ ಮೊದಲೇ ಹೋಗುತ್ತದೆ. ಬ್ಯಾಟರಿ ಪೂರ್ತಿ ತುಂಬದಿದ್ದರೆ ಬ್ಯಾಲೆನ್ಸಿಂಗ್ ನಡೆಯುವುದೇ ಇಲ್ಲ. ಏರುಪೇರು ತಿಂಗಳುಗಟ್ಟಲೆ ಬೆಳೆಯುತ್ತದೆ. ಕರೆಂಟು ಸರಿಯಾಗಿ ಬಂದ ದಿನ, ಅಥವಾ ಜನರೇಟರ್ ಓಡಿಸಿದಾಗ, ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಕೆಲವು ಗಂಟೆ ಚಾರ್ಜಿನಲ್ಲೇ ಬಿಡುವುದು ಇದಕ್ಕೆ ಪರಿಹಾರ.

ತಪ್ಪು ಕಲ್ಪನೆ 3: ಬಿಎಂಎಸ್‌ನ ಮೊಬೈಲ್ ಆ್ಯಪ್ ಶೇ 60 ಎಂದರೆ ಶೇ 60 ಇದ್ದೇ ಇರುತ್ತದೆ.

ಸತ್ಯ: ಎಲ್‌ಎಫ್‌ಪಿಯ ವೋಲ್ಟೇಜ್ ನಡುಭಾಗದಲ್ಲಿ ಹೆಚ್ಚು ಅಲುಗುವುದಿಲ್ಲ. ಶೇ 40ರಿಂದ 80ಕ್ಕೆ ಏರಿದರೂ ಒಟ್ಟು ವ್ಯತ್ಯಾಸ ಸುಮಾರು 0.2 ವೋಲ್ಟ್ ಅಷ್ಟೆ. ಹಾಗಾಗಿ ಬಿಎಂಎಸ್ ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಎಣಿಸಿ ಲೆಕ್ಕ ಇಡುತ್ತದೆ. ಅರ್ಧ ಆಂಪ್‌ಗಿಂತ ಕಡಿಮೆ ಎಳೆತವನ್ನು ಹಲವು ಬಿಎಂಎಸ್‌ಗಳು ಸರಿಯಾಗಿ ಎಣಿಸುವುದಿಲ್ಲ, ಲೆಕ್ಕ ದಿನೇದಿನೇ ತಪ್ಪುತ್ತದೆ. ಬ್ಯಾಟರಿ ಪೂರ್ತಿ ತುಂಬಿದಾಗ ಮಾತ್ರ ಅದು ಮತ್ತೆ ಶೇ 100ಕ್ಕೆ ಬಂದು ಸರಿಹೋಗುತ್ತದೆ. ಮಳೆಗಾಲದ ನಡುವೆ ಕಾಣುವ ಶೇಕಡಾವನ್ನು ಅಂದಾಜು ಎಂದೇ ಓದಿ. ಆ್ಯಪಿನಲ್ಲಿ ನೋಡಬೇಕಾದದ್ದು ನಾಲ್ಕು ಸೆಲ್‌ಗಳ ಬಿಡಿ ವೋಲ್ಟೇಜ್.

ತಪ್ಪು ಕಲ್ಪನೆ 4: ಔಟ್‌ಪುಟ್ ಸೊನ್ನೆ ತೋರಿಸಿದರೆ ಬ್ಯಾಟರಿ ಸತ್ತಿದೆ.

ಸತ್ಯ: ಒಂದು ಸೆಲ್ 2.5 ವೋಲ್ಟಿಗೆ ಇಳಿದರೂ ಸಾಕು, ಬಿಎಂಎಸ್ ಹೊರಗಿನ ಸಂಪರ್ಕ ಕಡಿಯುತ್ತದೆ. ಆಗ ಟರ್ಮಿನಲ್ಲಿನಲ್ಲಿ ಮಲ್ಟಿಮೀಟರ್ ಸೊನ್ನೆಯೋ ಒಂದೆರಡು ವೋಲ್ಟೋ ತೋರಿಸಬಹುದು, ಒಳಗೆ ಸೆಲ್‌ಗಳು ಜೀವಂತವಾಗಿಯೇ ಇರುತ್ತವೆ. ಚಾರ್ಜ್ ಕೊಟ್ಟರೆ ಏಳಬೇಕು. ಆದರೆ ಎದುರಿಗೆ ವೋಲ್ಟೇಜ್ ಕಾಣದಿದ್ದರೆ ಎಷ್ಟೋ ಇನ್ವರ್ಟರ್‌ಗಳು ಚಾರ್ಜ್ ಕೊಡುವುದೇ ಇಲ್ಲ. ಲಿಥಿಯಂ ಚಾರ್ಜರ್‌ನಿಂದ ಎಬ್ಬಿಸಿದರೆ ಹಲವು ಬಾರಿ ಅಲ್ಲಿಗೇ ಸರಿಹೋಗುತ್ತದೆ.

ಮಳೆಗಾಲಕ್ಕೆ ಬೀಗ ಹಾಕಿ ಹೋಗುವ ಹೋಂಸ್ಟೇಯವರು ಇದನ್ನು ಗಮನಿಸಬೇಕು. ಬ್ಲೂಟೂತ್ ಇರುವ ಬಿಎಂಎಸ್ 15 ಮಿಲಿಆಂಪ್ ಎಳೆದರೂ, 100 ಆಂಪ್-ಅವರ್‌ನ ಬ್ಯಾಟರಿಯಲ್ಲಿ ಶೇ 20 ಉಳಿಸಿ ಹೋದದ್ದು ಎರಡು ತಿಂಗಳೊಳಗೆ ಖಾಲಿ. ಅರ್ಧದಷ್ಟು ತುಂಬಿಸಿ, ಇನ್ವರ್ಟರ್ ಕಳಚಿ ಹೋಗಿ. ಸೆಲ್ 2 ವೋಲ್ಟಿಗಿಂತ ಕೆಳಗೆ ಬಹುಕಾಲ ಬಿದ್ದಿದ್ದರೆ ಒಳಗಿನ ತಾಮ್ರ ಕರಗಿ ಶಾರ್ಟ್ ಆಗುವ ಸಂಭವವಿದೆ. ಅಂಥದ್ದನ್ನು ಜೀಪಿನ ಬ್ಯಾಟರಿ ಹಚ್ಚಿ ಎಬ್ಬಿಸಲು ಹೋಗಬೇಡಿ.

ತಪ್ಪು ಕಲ್ಪನೆ 5: ಒಂದು ಸೆಲ್ ಕುಸಿಯುತ್ತಿದ್ದರೆ ಆ ಸೆಲ್ ಕೆಟ್ಟಿದೆ, ಬದಲಿಸಬೇಕು.

ಸತ್ಯ: ಮಲೆನಾಡಿನ ಥಂಡಿಯಲ್ಲಿ ಸೆಲ್‌ಗಿಂತ ಮೊದಲು ಸಂಶಯಪಡಬೇಕಾದದ್ದು ನಟ್ಟು ಮತ್ತು ವೈರಿನ ತುದಿಯ ಲಗ್ಗು. ಗೋಡೆಗೆ ಬೂಷ್ಟು ಹಿಡಿಯುವ ಊರಿನಲ್ಲಿ ತಾಮ್ರದ ಲಗ್ಗಿಗೂ ಹಸಿರು ಹಿಡಿಯುತ್ತದೆ. ಸಡಿಲ ಜೋಡಣೆಯಲ್ಲಿ 5 ಮಿಲಿಓಮ್ ತಡೆ ಹುಟ್ಟಿದರೆ, 80 ಆಂಪ್ ಎಳೆಯುವಾಗ ಅಲ್ಲೇ 0.4 ವೋಲ್ಟ್ ಕಳೆದುಹೋಗುತ್ತದೆ. 3.2 ಇರುವ ಸೆಲ್ ಬಿಎಂಎಸ್ ಕಣ್ಣಿಗೆ 2.8 ಆಗಿ ಕಾಣುತ್ತದೆ. ಚಾರ್ಜ್ ಇಳಿದಿದ್ದರೆ ಅದು 2.5ಕ್ಕೂ ಮುಟ್ಟಬಹುದು; ಮಿಕ್ಸಿ ಹಾಕಿದೊಡನೆ ಮನೆ ಕತ್ತಲಾಗುವುದಕ್ಕೆ ಇದೂ ಒಂದು ಕಾರಣ.

ಪತ್ತೆ ಮಾಡುವುದು ಸುಲಭ. ಲೋಡ್ ಹಾಕಿದಾಗ ಆ ಸೆಲ್ ಉಳಿದವಕ್ಕಿಂತ ಕೆಳಗೆ, ಚಾರ್ಜಿಗೆ ಹಾಕಿದಾಗ ಉಳಿದವಕ್ಕಿಂತ ಮೇಲೆ ತೋರಿಸಿದರೆ ದೋಷ ತಡೆಯದ್ದು. ಎರಡೂ ಹೊತ್ತಿನಲ್ಲಿ ಕೆಳಗೇ ಇದ್ದರೆ ಅದು ಚಾರ್ಜಿನಲ್ಲಿ ಹಿಂದೆ ಬಿದ್ದ ಸೆಲ್, ಬ್ಯಾಲೆನ್ಸಿಂಗ್ ಬೇಕು. ತಡೆ ಎಂದು ಖಚಿತವಾದರೆ, ಲೋಡ್ ಇರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಸೆಲ್ಲಿನ ಟರ್ಮಿನಲ್ ಮೇಲೆ, ಇನ್ನೊಂದನ್ನು ಅದಕ್ಕೆ ಬಿಗಿದ ಲಗ್ ಮೇಲೆ ಇಡಿ. ಸೊನ್ನೆಯ ಹತ್ತಿರ ಇರಬೇಕಾದ ಜಾಗದಲ್ಲಿ 0.3, 0.4 ಬಂದರೆ ಕಳ್ಳ ಸಿಕ್ಕಿದ. ಎಲ್ಲವನ್ನೂ ಆಫ್ ಮಾಡಿ, ಬಿಚ್ಚಿ, ಉಜ್ಜಿ, ತಯಾರಕರು ಹೇಳಿದಷ್ಟೇ ಬಿಗಿ ಮಾಡಿ. ಜೋಡಣೆ ಚೊಕ್ಕವಾಗಿದ್ದೂ ವ್ಯತ್ಯಾಸ ಉಳಿದರೆ ಆಗ ಸೆಲ್ ಬದಲಿಸುವ ಮಾತು.

ತಪ್ಪು ಕಲ್ಪನೆ 6: ಪ್ಲಸ್, ಮೈನಸ್ ಗೊತ್ತಿದ್ದರೆ ಬಿಎಂಎಸ್ ಜೋಡಿಸಬಹುದು.

ಸತ್ಯ: ಬೋರ್ಡಿನಲ್ಲಿ ಎರಡು ಮೈನಸ್ ಇರುತ್ತವೆ. ಬಿ-ಮೈನಸ್ ಸೆಲ್‌ಗಳ ಕಡೆಗೆ, ಪಿ-ಮೈನಸ್ ಇನ್ವರ್ಟರ್ ಮತ್ತು ಚಾರ್ಜರ್ ಕಡೆಗೆ. ಸೋಲಾರಿನ ಒಂದೇ ಒಂದು ವೈರು ಬಿ-ಮೈನಸ್‌ಗೆ ಹೋದರೂ ಆ ದಾರಿಯಲ್ಲಿ ಬಿಎಂಎಸ್ ಇಲ್ಲದಂತೆಯೇ. ಮೊದಲು ಬಿ-ಮೈನಸ್ ಬಿಗಿಯಿರಿ. ನಂತರ ಸೆಲ್ ವೋಲ್ಟೇಜ್ ಅಳೆಯುವ ತೆಳು ವೈರುಗಳನ್ನು ಸಾಲಾಗಿ ಸೆಲ್‌ಗಳಿಗೆ ಹಾಕಿ, ಕನೆಕ್ಟರನ್ನು ಬೋರ್ಡಿಗೆ ಚುಚ್ಚುವ ಮೊದಲು ಪಿನ್ನುಗಳನ್ನು ಅಳೆಯಿರಿ: 0, 3.3, 6.6, 9.9, 13.2 ಎಂಬ ಮೆಟ್ಟಿಲು ಕ್ರಮವಾಗಿ ಬರಬೇಕು. ಒಂದು ಮೆಟ್ಟಿಲು ತಪ್ಪಿದ್ದರೂ ಚುಚ್ಚಿದ ಕ್ಷಣದಲ್ಲೇ ಬೋರ್ಡ್ ಸುಡಬಹುದು.

ಬಿಎಂಎಸ್ ಎಷ್ಟು ಆಂಪ್ ತಾಳುತ್ತದೆ ಎಂಬ ಲೆಕ್ಕವೂ ಮುಖ್ಯ. 1000 ವಾಟ್ ಲೋಡಿಗೆ 12 ವೋಲ್ಟಿನಲ್ಲಿ ಇನ್ವರ್ಟರಿನ ನಷ್ಟ ಸೇರಿ ಹತ್ತಿರಹತ್ತಿರ 90 ಆಂಪ್ ಬೇಕು. ಪಂಪಿನ ಮೋಟಾರ್ ಶುರುವಾಗುವಾಗ ತನ್ನ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ.

ತಪ್ಪು ಕಲ್ಪನೆ 7: ಎಲ್‌ಎಫ್‌ಪಿ ಬೆಂಕಿ ಹಿಡಿಯುವುದಿಲ್ಲ, ಬಿಎಂಎಸ್ ಇರುವಾಗ ಫ್ಯೂಸ್ ದಂಡ.

ಸತ್ಯ: ಬೇರೆ ಲಿಥಿಯಂ ಬಗೆಗಳಿಗಿಂತ ಎಲ್‌ಎಫ್‌ಪಿ ಸುರಕ್ಷಿತ ಎನ್ನುವುದು ನಿಜ. ಆದರೆ ಅದು ಸುಡುವುದೇ ಇಲ್ಲ ಎನ್ನುವುದು ಸುಳ್ಳು. ಬಿಎಂಎಸ್‌ನಲ್ಲಿ ಕರೆಂಟು ಕಡಿಯುವ ಮಾಸ್‌ಫೆಟ್‌ಗಳು ಕೆಟ್ಟಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಉಳಿಯುತ್ತವೆ, ಅಂದರೆ ಕಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಹೊಡೆತಕ್ಕೆ ಹೀಗಾಗಬಹುದು. ಆಗ ಮನೆ ಕಾಯುವುದು ಬ್ಯಾಟರಿಯ ಪಕ್ಕದಲ್ಲೇ ಹಾಕಿದ ಡಿಸಿ ಫ್ಯೂಸ್. ಮನೆಯ ಎಸಿ ಎಂಸಿಬಿ ಇದಕ್ಕೆ ಬದಲಿಯಲ್ಲ.

ಹಳ್ಳದ ನೀರಿನಿಂದ ಪಿಕೋ ಹೈಡ್ರೋ ಓಡಿಸುವ ಮನೆಗಳಿಗೆ ಇನ್ನೊಂದು ಮಾತು. ಬ್ಯಾಟರಿ ತುಂಬಿ ಬಿಎಂಎಸ್ ಕಡಿದೊಡನೆ ಟರ್ಬೈನಿನ ಲೋಡ್ ಇಲ್ಲವಾಗಿ ಅದರ ವೇಗವೂ ವೋಲ್ಟೇಜೂ ಜಿಗಿಯುತ್ತವೆ. ಹೆಚ್ಚಿನ ಕರೆಂಟನ್ನು ಹೀಟರಿಗೆ ತಿರುಗಿಸುವ ಡಂಪ್ ಲೋಡ್ ಜನರೇಟರ್ ಕಡೆಯಲ್ಲೇ ಇರಲೇಬೇಕು.

ಮೇ ತಿಂಗಳಲ್ಲಿ ತೋಟದ ಚರಂಡಿ ಬಿಡಿಸುವಾಗಲೇ ಒಂದು ಮಧ್ಯಾಹ್ನ ಬ್ಯಾಟರಿಗೂ ಕೊಡಿ. ಪೂರ್ತಿ ಚಾರ್ಜ್ ಮಾಡಿ, ನಾಲ್ಕು ಸೆಲ್‌ಗಳ ವೋಲ್ಟೇಜನ್ನು ದಿನಾಂಕದೊಂದಿಗೆ ಬರೆದಿಡಿ, ಲಗ್ಗುಗಳನ್ನು ನೋಡಿ, ಚಾರ್ಜರ್ ಸೆಟ್ಟಿಂಗ್ ಪರೀಕ್ಷಿಸಿ, ಫ್ಯೂಸ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಬ್ಯಾಟರಿ ಪೆಟ್ಟಿಗೆ ಬಿಚ್ಚುವ ಕೆಲಸ ಗೊತ್ತಿಲ್ಲದವರು ಬಲ್ಲ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಬಿಎಂಎಸ್ ಪದೇ ಪದೇ ಕಡಿಯುತ್ತಿದ್ದರೆ ಅದನ್ನು ಬೈದು ಬೋರ್ಡ್ ಬದಲಿಸುವ ಮೊದಲು, ಅದು ಯಾವ ಸೆಲ್ಲಿಗಾಗಿ ಕಡಿಯುತ್ತಿದೆ ಎಂದು ನೋಡಿ.