ಬಡತನವನ್ನು ಅಳೆಯುವ ಬಗೆ

ಬಡ ವಿಧವೆಯೊಬ್ಬಳು ದೇವಾಲಯದ ಕಾಣಿಕೆಯ ಪೆಟ್ಟಿಗೆಯಲ್ಲಿ ಎರಡು ಕಾಸುಗಳನ್ನು ಹಾಕಿದ ವೃತ್ತಾಂತವನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಯೇಸುಸ್ವಾಮಿಯು ಆಕೆ ಕೊಟ್ಟದ್ದೆಷ್ಟೆಂಬುದನ್ನು ಎಣಿಸದೆ, ಕೊಟ್ಟ ಮೇಲೆ ಆಕೆಗೆ ಉಳಿದದ್ದೇನೆಂಬುದನ್ನು ನೋಡಿದನು. ಬಡತನವನ್ನು ವಿಚಾರಮಾಡುವ ಅರ್ಥಶಾಸ್ತ್ರಕ್ಕೂ ಇಂಥ ದೃಷ್ಟಿಯೇ ಅವಶ್ಯಕವಾದುದು.

ದೇಶದ ಒಟ್ಟು ಆದಾಯವನ್ನು ಜನಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಆದಾಯವು ದೊರೆಯುವುದು. ಈ ಲೆಕ್ಕವು ಉಪಯುಕ್ತವೇ ಸರಿ. ಆದರೆ ಇದೊಂದನ್ನೇ ನಂಬಿದರೆ ಮೋಸಹೋಗುವೆವು. ಹತ್ತು ಮನೆಗಳ ಬೀದಿಯೊಂದನ್ನು ಊಹಿಸಿಕೊಳ್ಳಿರಿ. ಒಂದು ಮನೆಗೆ ತಿಂಗಳಿಗೆ 1,10,000 ರೂಪಾಯಿಯೂ ಮಿಕ್ಕ ಒಂಬತ್ತಕ್ಕೆ ತಲಾ 10,000 ರೂಪಾಯಿಯೂ ಬರುವುದಾದರೆ ಸರಾಸರಿಯು 20,000 ರೂಪಾಯಿ. ಆದರೆ ಅಷ್ಟು ವರಮಾನವುಳ್ಳ ಮನೆಯು ಆ ಬೀದಿಯಲ್ಲಿ ಒಂದೂ ಇಲ್ಲ! ಜೀವನಕ್ಕೆ ಸಾಲದಿರುವುದು ಬಡತನ. ಮನೆಮನೆಗಳ ನಡುವಣ ಅಂತರವು ಅಸಮಾನತೆ. ಮೊದಲನೆಯದು ತಗ್ಗುತ್ತಿರುವಾಗಲೇ ಎರಡನೆಯದು ಬೆಳೆಯಲೂಬಹುದು.

ಆದಕಾರಣ ಪಂಡಿತರು ಬೇರೆ ಅಳತೆಗಳನ್ನು ಹುಡುಕಿದರು. 1990ರಲ್ಲಿ ಮಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ ವಿಶ್ವಸಂಸ್ಥೆಯ ಕಡೆಯಿಂದ ಹೊರಟ ಮಾನವಾಭಿವೃದ್ಧಿ ವರದಿಯು ಆದಾಯದ ಜೊತೆಗೆ ಆಯುಸ್ಸನ್ನೂ ವಿದ್ಯೆಯನ್ನೂ ಗಣನೆಗೆ ತಂದಿತು. 1998ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಅಮರ್ತ್ಯ ಸೇನರು, ಮನುಷ್ಯನು ಏನು ಮಾಡಬಲ್ಲನು, ಹೇಗೆ ಬಾಳಬಲ್ಲನು ಎಂಬ ಸಾಮರ್ಥ್ಯವನ್ನೇ ನೋಡಬೇಕೆಂದು ಪ್ರತಿಪಾದಿಸಿರುವರು.

ಇದರ ನಿದರ್ಶನವೊಂದು ನಮ್ಮ ನೆರೆಯಲ್ಲಿಯೇ ಉಂಟು. ಬಿ.ಟಿ.ಎಂ. ಬಡಾವಣೆಗೆ ಸಮೀಪದ ಬೊಮ್ಮನಹಳ್ಳಿ ಮತ್ತು ಹೊಸೂರು ರಸ್ತೆಯ ಸುತ್ತಮುತ್ತಲ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಯುವವರು ಬಹುಮಟ್ಟಿಗೆ ಸ್ತ್ರೀಯರು. ಅವರ ಸಂಬಳದಿಂದ ಒಂದು ಪಾಲು ಭವಿಷ್ಯನಿಧಿಗೆ ಸೇರುವುದು. ಮಾಲಿಕರೂ ತಮ್ಮ ಪಾಲನ್ನು ಸೇರಿಸುವರು. ಮಾಲಿಕರ ಪಾಲನ್ನು 58 ವರ್ಷ ತುಂಬುವವರೆಗೆ ಹಿಂದಕ್ಕೆ ಪಡೆಯಲಾಗದೆಂದು ಕೇಂದ್ರ ಸರ್ಕಾರವು 2016ರ ಫೆಬ್ರವರಿಯಲ್ಲಿ ನಿಯಮವನ್ನು ಪ್ರಕಟಿಸಿತು. ಏಪ್ರಿಲ್ 18 ಮತ್ತು 19ರಂದು ಸಹಸ್ರಾರು ಸ್ತ್ರೀಯರು ಕೆಲಸ ಬಿಟ್ಟು ಬೀದಿಗೆ ಬಂದರು. ಕಲ್ಲುತೂರಾಟವೂ ಲಾಠಿಪ್ರಹಾರವೂ ನಡೆದುದು ವ್ಯಸನಕರವಾದ ಸಂಗತಿ. 19ರಂದೇ ಸರ್ಕಾರವು ನಿಯಮವನ್ನು ರದ್ದುಗೊಳಿಸಿತು.

ಮುಪ್ಪಿನ ಕಾಲಕ್ಕೆ ಹಣವು ಉಳಿಯಲೆಂಬ ಉದ್ದೇಶವು ಕೆಟ್ಟದ್ದಲ್ಲ. ಬ್ಯಾಂಕಿನಲ್ಲಿ ಠೇವಣಿಯೂ ಜೀವವಿಮೆಯೂ ಉಳ್ಳ ಕುಟುಂಬಕ್ಕೆ ಅದು ಹಿತವಾಗಿಯೇ ತೋರಬಹುದು. ಆದರೆ ಹೊಲಿಗೆಯಂತ್ರದ ಮುಂದೆ 58 ವರ್ಷದವರೆಗೆ ಕುಳಿತಿರಬಲ್ಲವರು ವಿರಳ. ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣವೇ ಮಕ್ಕಳ ಫೀಜಿಗೆ, ಕಾಯಿಲೆಗೆ, ಸಾಲ ತೀರಿಸುವುದಕ್ಕೆ ಆಧಾರ. ನಿಯಮವು ಎಲ್ಲರಿಗೂ ಒಂದೇ ಆಗಿದ್ದರೂ ಅದರ ಭಾರವು ಎಲ್ಲರಿಗೂ ಒಂದೇ ಆಗಿರಲಿಲ್ಲ. ಬೇರೆ ಆಸರೆಯಿಲ್ಲದವಳಿಗೆ ಅದು ಎಷ್ಟು ಭಾರವೆಂಬುದು ಸಂಬಳದ ಪಟ್ಟಿಯಿಂದ ತಿಳಿಯತಕ್ಕದ್ದಲ್ಲ.

ಪ್ರಿಯ ಸಹೋದರಿಯರೇ, ಪೋಷಕರೇ, ಜಯನಗರ ಬನಶಂಕರಿಗಳ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಸಾರಿಸುವ ಎಷ್ಟೋ ಮಂದಿಗೆ ಅಂಥ ಭವಿಷ್ಯನಿಧಿಯೂ ಇಲ್ಲ. ಆಕೆಗೆ ಕೊಡುವ ಸಂಬಳವನ್ನು ನಾವು ಬಲ್ಲೆವು. ಬಾಡಿಗೆ ತೆತ್ತ ಮೇಲೆ ಆಕೆಗೆ ಉಳಿಯುವುದೆಷ್ಟು? ಜ್ವರ ಬಂದ ದಿನದ ಕೂಲಿಯನ್ನು ಹಿಡಿಯುವೆವೋ, ಕೊಡುವೆವೋ? ಆಕೆಯ ಮಗಳು ಹೈಸ್ಕೂಲನ್ನು ಮುಗಿಸಬಲ್ಲಳೋ? ಈ ಪ್ರಶ್ನೆಗಳನ್ನು ಕೇಳಿ, ಉತ್ತರಕ್ಕೆ ತಕ್ಕಂತೆ ನಡೆಯುವುದೇ ನಾವು ಕಲಿತ ವಿದ್ಯೆಗೆ ಸಲ್ಲುವ ಗೌರವ.